ಕುಸುಬಿ ಎಣ್ಣೆಯಲ್ಲಿ ಮಾಯವಾಗುವ ಗಾಜು

ಈ ಪ್ರನಾಳ ನೋಡ್ರಿ. ಶಾಲೆಯ ಪ್ರಯೋಗಾಲಯದಲ್ಲಿ ಇರೋದೇ, ಬೋರೋಸಿಲಿಕೇಟ್ ಗಾಜಿನದು. ನೀರಿನಲ್ಲಿ ಇಳಿಸಿದರೆ ಸ್ಪಷ್ಟವಾಗಿ ಕಾಣುತ್ತೆ. ಈಗ ಲೋಟದಲ್ಲಿ ನೀರಿನ ಬದಲು ಕುಸುಬಿ ಎಣ್ಣೆ. ನಿಧಾನವಾಗಿ ಇಳಿಸೋಣ, ಒಳಗೂ ಎಣ್ಣೆ ತುಂಬಲಿ... ಮುಳುಗಿದ ಭಾಗ ಎಲ್ಲಿ ಹೋಯ್ತು?

ಗಾಜಿಗೆ ಬಣ್ಣವಿಲ್ಲ. ಅದರ ಅಂಚಿನಲ್ಲಿ ಬೆಳಕು ಬಾಗುತ್ತೆ, ಸ್ವಲ್ಪ ಪ್ರತಿಫಲಿಸುತ್ತೆ. ಅದಕ್ಕೇ ನಮಗೆ ಗಾಜು ಕಾಣೋದು. ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತೆ, ನೀರಿನಲ್ಲಿ ಸುಮಾರು 2.25 ಲಕ್ಷ. ವೇಗ ಬದಲಾಗುವ ಜಾಗದಲ್ಲಿ ಓರೆಯಾಗಿ ಬಂದ ಬೆಳಕಿನ ದಾರಿಯೂ ಬಾಗುತ್ತೆ. ಇದೇ ವಕ್ರೀಭವನ. ಇದರ ಸೂಚ್ಯಂಕ ನೀರಿಗೆ 1.33, ಈ ಗಾಜಿಗೆ 1.47. ಕುಸುಬಿ ಎಣ್ಣೆಗೂ ಹೆಚ್ಚುಕಡಿಮೆ 1.47! ಎಣ್ಣೆಯಿಂದ ಗಾಜಿಗೆ ದಾಟುವಾಗ ಬೆಳಕು ಬಾಗುವುದೇ ಇಲ್ಲ ಅನ್ನಬಹುದು. ಮತ್ತೆ ಅಂಚು ಕಾಣೋದಾದ್ರೂ ಹೇಗೆ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಶಿಕ್ಷಕರೇ, ಬೀದರ್, ಕಲಬುರಗಿ ಗಡಿಗೆ ಹತ್ತಿದ ನಿಮ್ಮ ಸೀಮೆಗೆ ಕುಸುಬಿ ಹೊಸದಲ್ಲ. ದಯವಿಟ್ಟು ಈ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸಬೇಡಿ, ಮಕ್ಕಳ ಕೈಗೇ ಕೊಡಿ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆಯಲ್ಲೂ ಇಳಿಸಿ ನೋಡಲಿ. ಮನೆಯ ಮಾಮೂಲಿ ಗಾಜಿನ ಲೋಟಕ್ಕೆ ಸೂಚ್ಯಂಕ ಸುಮಾರು 1.52, ಹಾಗಾಗಿ ಅದು ಪೂರ್ತಿ ಮಾಯವಾಗಲ್ಲ. ಅದನ್ನೂ ಅವರೇ ಕಂಡುಕೊಳ್ಳಲಿ.

ಇನ್ನೊಂದು. ಪ್ರನಾಳದ ಒಳಗೆ ಗಾಳಿ ಹಾಗೇ ಉಳಿಯುವಂತೆ ಮುಳುಗಿಸಿ, ಮೇಲಿನಿಂದ ಓರೆಯಾಗಿ ನೋಡಿ. ಬೆಳ್ಳಿಯಂತೆ ಹೊಳೆಯುತ್ತೆ. ಯಾಕೆ ಅಂತ ಮಕ್ಕಳನ್ನೇ ಕೇಳಿ, ಉತ್ತರ ಬರೋವರೆಗೂ ಕಾಯಿರಿ.