‘ಗಿವ್’ ಕೊಡುವುದು, ‘ಗಿವ್ ಅಪ್’ ಬಿಡುವುದು

ಇಂಗ್ಲಿಷ್ ಕಲಿಯುವವರನ್ನು ಕಾಡುವುದು ಉದ್ದುದ್ದ ಪದಗಳಲ್ಲ. ಅವಕ್ಕೆ ನಿಘಂಟು ಇದೆ, ಒಮ್ಮೆ ತೆರೆದು ನೋಡಿದರೆ ಮುಗಿಯಿತು. ಕಾಡುವುದು ಪ್ರಾಥಮಿಕ ಶಾಲೆಯಲ್ಲೇ ಕಲಿತ ಚಿಲ್ಲರೆ ಪದಗಳು. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ. ಎರಡೂ ಸೇರಿದರೆ ಬಿಟ್ಟುಬಿಡು! ಕ್ರಿಯಾಪದಕ್ಕೆ ಪುಟ್ಟ ಪದವೊಂದು ಅಂಟಿಕೊಂಡು ಬೇರೆಯೇ ಅರ್ಥ ಹುಟ್ಟಿಸುವ ಇಂಥ ಜೋಡಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಚಾಲ್ತಿಗೆ ತಂದದ್ದು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕ. ತೊಡಕು ಮಾತ್ರ ಹೆಸರಿಗಿಂತ ಹಳೆಯದು. ಹೊರಗಿನಿಂದ ಬಂದು ಇಂಗ್ಲಿಷ್ ಕಲಿಯುವವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಹೇಳಿದ್ದರು. 1930ರಲ್ಲಿ ಸಿ. ಕೆ. ಆಗ್ಡೆನ್ ಬರೀ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಕಟ್ಟಿದಾಗ ಕ್ರಿಯಾಪದಗಳನ್ನು ಹದಿನೆಂಟಕ್ಕೆ ಇಳಿಸಿದರು. ಉಳಿದ ಕೆಲಸವನ್ನೆಲ್ಲ ಗಿವ್, ಗೆಟ್, ಪುಟ್‌ಗಳಿಗೆ ಅಪ್, ಆಫ್, ಔಟ್‌ಗಳನ್ನು ಜೋಡಿಸಿ ಮಾಡಿಸಿದರು. ಪದಗಳ ಲೆಕ್ಕವೇನೋ ಇಳಿಯಿತು. ಆದರೆ ಜೋಡಿಗಳ ಅರ್ಥ ನೆನಪಿಟ್ಟುಕೊಳ್ಳುವ ಹೊರೆ ಕಲಿಯುವವನ ತಲೆಯ ಮೇಲೇ ಬಿತ್ತು.

ಈ ಹೊರೆ ಕನ್ನಡಿಗನಿಗೆ ಹೊಸದೇನಲ್ಲ. ‘ಕೈ’ ಎಂಬ ಒಂದೇ ಪದ ತೆಗೆದುಕೊಳ್ಳಿ. ಕೈಹಿಡಿದರೆ ಮದುವೆಯೋ ಆಸರೆಯೋ ಆಗುತ್ತದೆ, ಕೈಬಿಟ್ಟರೆ ಅನಾಥ ಮಾಡಿದಂತೆ, ಕೈಹಾಕಿದರೆ ಕೆಲಸ ಶುರು. ಕೈಕೊಟ್ಟರೆ ಮಾತ್ರ ಮೋಸ. ನಾಟಿ ಹೊತ್ತಿಗೆ ಪಂಪ್‌ಸೆಟ್ ಕೈಕೊಟ್ಟಿತು ಅಂದಾಗ, ಪಂಪ್‌ಸೆಟ್ಟಿಗೆ ಕೈ ಎಲ್ಲಿದೆ ಎಂದು ಯಾವ ಮಗುವೂ ಕೇಳುವುದಿಲ್ಲ. ಯಾಕೆಂದರೆ ಅದು ಆ ಮಾತನ್ನು ಬಿಡಿಸಿ ಕಲಿತೇ ಇಲ್ಲ; ಪಂಪ್‌ಸೆಟ್ಟು, ಕರೆಂಟು, ನಂಬಿದ ನೆಂಟ, ಹೀಗೆ ಅದರ ಸಂಗಾತಿಗಳ ಜೊತೆಗೇ ಇಡಿಯಾಗಿ ಕಲಿತಿದೆ. ಇಂಗ್ಲಿಷ್‌ಗೆ ಬಂದ ಕೂಡಲೇ ನಾವು ಈ ರೂಢಿ ಮರೆತು ಗಿವ್ ಒಂದು ಕಡೆ, ಅಪ್ ಒಂದು ಕಡೆ ಇಟ್ಟು ತೂಗತೊಡಗುತ್ತೇವೆ. ಅಪ್ ಬರೀ ಅಲಂಕಾರ ಎಂಬ ಭಾವನೆ ಬೆಳೆಯುವುದೂ ಹೀಗೆ. ನಮ್ಮ ಕಚೇರಿಗಳ ಇಂಗ್ಲಿಷ್‌ನಲ್ಲಿ ಮತ್ತೆಮತ್ತೆ ಸಿಗುವ ‘ಕೋಪ್ ಅಪ್ ವಿತ್’ ನೋಡಿ: ಸರಿಯಾದದ್ದು ಬರೀ ‘ಕೋಪ್ ವಿತ್’. ‘ಕೀಪ್ ಅಪ್ ವಿತ್’ ಎಂಬ ನೆರೆಮನೆಯಿಂದ ಅಪ್ ಇಲ್ಲಿಗೂ ನುಗ್ಗಿರಬೇಕು.

ಗಿವ್ ಅಪ್ ಅನ್ನು ಇಡಿಯಾಗಿ ಹಿಡಿದರೆ ಅದರ ನಿಯಮಗಳೂ ಜೊತೆಗೇ ಬರುತ್ತವೆ. ಅದರ ಹಿಂದೆ ಬಿಡಬೇಕಾದ ಚಟವೋ ಕೆಲಸವೋ ಕ್ರಿಯಾಪದವಾಗಿ ಬಂದರೆ ‘ಇಂಗ್’ ಬೇಕೇ ಬೇಕು. ‘ಗಿವ್ ಅಪ್ ಸ್ಮೋಕಿಂಗ್’ ಸರಿ, ‘ಗಿವ್ ಅಪ್ ಟು ಸ್ಮೋಕ್’ ತಪ್ಪು. ಇದಕ್ಕೂ ಕನ್ನಡದಲ್ಲೇ ಸಾಕ್ಷಿ ಇದೆ: ‘ಬೀಡಿ ಸೇದುವುದನ್ನು ಬಿಟ್ಟ’ ಅಂದರೆ ಚಟ ಬಿಟ್ಟ, ‘ಬೀಡಿ ಸೇದಲು ಬಿಟ್ಟ’ ಅಂದರೆ ಇನ್ನೊಬ್ಬನಿಗೆ ಸೇದಲು ಅವಕಾಶ ಕೊಟ್ಟ. ಗಿವ್ ಅಪ್‌ನ ಎರಡನೆಯ ನಿಯಮ ಜಾಗದ್ದು. ಸೀಟು ಬಿಟ್ಟುಕೊಡುವಾಗ ‘ಗಿವ್ ಅಪ್ ದ ಸೀಟ್’ ಆದರೂ ಆದೀತು, ‘ಗಿವ್ ದ ಸೀಟ್ ಅಪ್’ ಆದರೂ ಆದೀತು. ಸೀಟಿನ ಬದಲು ‘ಇಟ್’ ಬಂದರೆ ಮಾತ್ರ ಅದಕ್ಕೆ ನಡುವೆಯೇ ಜಾಗ. ಅಡುಗೆ ಅನಿಲದ ಸಬ್ಸಿಡಿಯನ್ನು ಅನುಕೂಲಸ್ಥರು ತಾವಾಗಿ ಬಿಡಲಿ ಎಂದು ಕೇಂದ್ರ ಸರ್ಕಾರ 2015ರಲ್ಲಿ ನಡೆಸಿದ ಪ್ರಚಾರದ ಹೆಸರೇ ‘ಗಿವ್ ಇಟ್ ಅಪ್’. ಒಂದು ಕೋಟಿಗೂ ಹೆಚ್ಚು ಗ್ರಾಹಕರು ಸಬ್ಸಿಡಿ ಬಿಟ್ಟರು. ‘ಗಿವ್ ಅಪ್ ಇಟ್’ ಅನ್ನಬಾರದು ಎಂಬ ಪಾಠ ಆ ಜಾಹೀರಾತಿನಲ್ಲೇ ಇತ್ತು, ಯಾರೂ ವ್ಯಾಕರಣವೆಂದು ಓದಲಿಲ್ಲ ಅಷ್ಟೇ.

ಇಷ್ಟೆಲ್ಲ ಯಾಕೆ, ‘ಅಬ್ಯಾಂಡನ್’, ‘ರಿಲಿಂಕ್ವಿಶ್’ ಎಂಬ ಒಂಟಿ ಪದಗಳಿಲ್ಲವೇ ಎಂದು ಕೇಳಬಹುದು. ಇವೆ. ಕಲಿಯುವವರು ಅವುಗಳ ನೆರಳಿಗೆ ಓಡುವುದೂ ಹೊಸದಲ್ಲ. ಹೀಬ್ರೂ ಮಾತಾಡುವ ವಿದ್ಯಾರ್ಥಿಗಳು ಫ್ರೇಸಲ್ ವರ್ಬ್‌ಗಳಿಂದ ನುಣುಚಿಕೊಳ್ಳುತ್ತಾರೆ ಎಂದು 1985ರಲ್ಲಿ ಡಗುಟ್ ಮತ್ತು ಲಾಫರ್ ತೋರಿಸಿದರು. ಆದರೆ ವೈದ್ಯರು ರೋಗಿಯನ್ನು ‘ಸಿಗರೇಟು ಬಿಟ್ಟಿರಾ?’ ಎಂದು ಕೇಳುತ್ತಾರೆಯೇ ಹೊರತು ‘ಧೂಮಪಾನವನ್ನು ಪರಿತ್ಯಜಿಸಿದಿರಾ?’ ಎಂದಲ್ಲ. ರಿಲಿಂಕ್ವಿಶ್ ಕರಾರುಪತ್ರಕ್ಕೆ ಒಪ್ಪುತ್ತದೆ, ಕೆಮ್ಮಿಗೆ ಒಪ್ಪುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ತಾಯ್ನುಡಿಯಲ್ಲಿ ಇಂಥ ಜೋಡಿಗಳಿದ್ದರೆ ಕಲಿಕೆ ಸುಲಭವಾಗಬೇಕಿತ್ತಲ್ಲ? ಡಚ್ ನುಡಿಯಲ್ಲಿ ಧಾರಾಳವಾಗಿವೆ. ಆದರೂ ಅರ್ಥ ನೇರವಾಗಿಲ್ಲದ ಕೆಲವು ಜೋಡಿಗಳಿಂದ ಡಚ್ ವಿದ್ಯಾರ್ಥಿಗಳೂ ದೂರ ಸರಿದರು ಎಂದು 1989ರ ಅಧ್ಯಯನವೊಂದು ಕಂಡುಕೊಂಡಿತು. ಒಪ್ಪಲೇಬೇಕಾದ ಮಾತು. ಕೈಕೊಡುವುದು ಗೊತ್ತಿದ್ದ ಮಾತ್ರಕ್ಕೆ ಗಿವ್ ಅಪ್ ಗೊತ್ತಾಗುವುದಿಲ್ಲ. ಕನ್ನಡ ಕೊಡುವುದು ಅರ್ಥವನ್ನಲ್ಲ, ಇಡಿಯಾಗಿ ಹಿಡಿಯುವ ಅಭ್ಯಾಸವನ್ನು. ಅರ್ಥಗಳನ್ನು ಒಂದೊಂದಾಗಿಯೇ ಕೂಡಿಸಿಕೊಳ್ಳಬೇಕು. ಪೊಲೀಸರಿಗೆ ಅವನನ್ನು ಒಪ್ಪಿಸಿದರೆ ‘ಗೇವ್ ಹಿಮ್ ಅಪ್’, ಅವನು ಸುಧಾರಿಸುತ್ತಾನೆಂಬ ಆಸೆ ಬಿಟ್ಟರೆ ‘ಗೇವ್ ಅಪ್ ಆನ್ ಹಿಮ್’, ಅವನ ಹಟಕ್ಕೆ ಮಣಿದರೆ ‘ಗೇವ್ ಇನ್ ಟು ಹಿಮ್’. ‘ಹೇಗೆ ಹೇಳಿದರೂ ತಿಳಿಯುತ್ತದೆ ಬಿಡಿ’ ಎನ್ನುವವರಿಗೆ ಈ ಮೂರೇ ಉತ್ತರ. ‘ಗಿವ್ ಅಪ್ ಇಟ್’ ಅಂದರೆ ಕೇಳುವವರು ಸರಿಮಾಡಿಕೊಂಡಾರು. ಇಲ್ಲಿ ‘ಆನ್’ ಬಿಟ್ಟುಹೋದರೆ ತಾಯಿ ಮಗನನ್ನು ಠಾಣೆಗೇ ಒಪ್ಪಿಸಿದಂತಾದೀತು.

ಇನ್ನು ವೇದಿಕೆಯ ಮೇಲೆ ನಿರೂಪಕ ‘ಗಿವ್ ಇಟ್ ಅಪ್ ಫಾರ್’ ಎಂದು ಕೂಗಿ ಕಲಾವಿದನ ಹೆಸರು ಹೇಳಿದರೆ, ಸಿಲಿಂಡರ್ ಪ್ರಚಾರದ ಅವೇ ಮೂರು ಪದಗಳ ಬೆನ್ನಿಗೆ ಒಂದು ‘ಫಾರ್’ ಬಂದಿರುತ್ತದೆ. ಅಲ್ಲಿ ಯಾರೂ ಏನನ್ನೂ ಬಿಡಬೇಕಾಗಿಲ್ಲ. ಚಪ್ಪಾಳೆ ತಟ್ಟಬೇಕು.