ಹೊಸ ಹೆಸರುಗಳ ಹುಟ್ಟು

ಮಗು ಹುಟ್ಟಿದ ಮನೆಯಲ್ಲಿ ಬಂದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: 'ಏನು ಹೆಸರಿಡುತ್ತೀರಿ?' ಹಿಂದೆ ಈ ಪ್ರಶ್ನೆಗೆ ಉತ್ತರವನ್ನು ಬಹುದೂರ ಹುಡುಕಬೇಕಾಗಿರಲಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಸಲ್ಲುತ್ತಿತ್ತು. ಇಲ್ಲವಾದರೆ ಮನೆದೇವರ ಹೆಸರು ತೊಟ್ಟಿಲನ್ನು ಸೇರುತ್ತಿತ್ತು. ನಂಜನಗೂಡಿನ ಸುತ್ತಮುತ್ತ ನಂಜುಂಡ, ಮಲೆಯ ಮಹದೇಶ್ವರನ ಒಕ್ಕಲುಗಳಲ್ಲಿ ಮಾದಪ್ಪ, ಸವದತ್ತಿಯ ಸೀಮೆಯಲ್ಲಿ ಯಲ್ಲಮ್ಮ. ಹೀಗೆ ಹೆಸರನ್ನು ಕೇಳಿದರೆ ಊರಿನ ದಿಕ್ಕೂ ತಿಳಿಯುತ್ತಿತ್ತು. ಇಂದು ಅನೇಕ ತಂದೆತಾಯಿಗಳು ಮಗುವಿನ ಹೆಸರನ್ನು ತಾವೇ ಹೊಸದಾಗಿ ಕಟ್ಟುತ್ತಾರೆ. ತಂದೆಯ ಹೆಸರಿನಿಂದ ಒಂದೆರಡು ಅಕ್ಷರ, ತಾಯಿಯ ಹೆಸರಿನಿಂದ ಒಂದೆರಡು ಅಕ್ಷರಗಳನ್ನು ತೆಗೆದು ಬೆಸೆಯುವುದು ಇದರಲ್ಲಿ ಪರಿಚಿತವಾದ ಒಂದು ವಿಧಾನ. ಇದನ್ನು ಮೆಚ್ಚುವವರೂ ಉಂಟು, ಹಳಿಯುವವರೂ ಉಂಟು. ಇಬ್ಬರ ಮಾತನ್ನೂ ತೂಗಿ ನೋಡುವುದು ಉಚಿತ.

ಕನ್ನಡ ವ್ಯಾಕರಣವು ವಸ್ತುವಾಚಕ ನಾಮಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನದಿ, ಊರು, ಮರ ಮುಂತಾದವು ರೂಢಿಯಿಂದ ಬಂದವು. ವ್ಯಾಪಾರಿ, ವಿದ್ವಾಂಸ ಮುಂತಾದವು ಅರ್ಥಕ್ಕೆ ಅನುಗುಣವಾದವು. ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರು ಅಂಕಿತನಾಮ. ಭೀಮನೆಂಬ ಹೆಸರಿನವನು ಕೃಶದೇಹಿಯಾಗಿರಬಹುದು. ಅದರಿಂದ ಹೆಸರು ತಪ್ಪಾಗುವುದಿಲ್ಲ. ಒಬ್ಬ ವ್ಯಕ್ತಿಯನ್ನು ಇತರರಿಂದ ಬೇರ್ಪಡಿಸಿ ಗುರುತಿಸುವುದೇ ಅಂಕಿತನಾಮದ ಕೆಲಸ. ಈ ದೃಷ್ಟಿಯಿಂದ ಹೊಸದಾಗಿ ಕಟ್ಟಿದ ಹೆಸರೂ ಹೆಸರೇ ಸರಿ.

ಆದರೆ ನಮ್ಮ ಪೂರ್ವಿಕರು ಹೆಸರನ್ನು ಕೇವಲ ಗುರುತೆಂದು ಭಾವಿಸಲಿಲ್ಲ. ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳದಾಗಿರಬೇಕು, ಘೋಷವರ್ಣದಿಂದ ಮೊದಲಾಗಬೇಕು, ನಡುವೆ ಯ, ರ, ಲ, ವಗಳಲ್ಲಿ ಒಂದಿರಬೇಕು ಎಂದು ಪಾರಸ್ಕರ ಗೃಹ್ಯಸೂತ್ರ ವಿಧಿಸುತ್ತದೆ. ಹೆಣ್ಣುಮಗುವಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರಗಳು, ಕೊನೆಯಲ್ಲಿ ಆಕಾರ. ಪತಂಜಲಿಯೂ ತನ್ನ ಮಹಾಭಾಷ್ಯದ ಆರಂಭದಲ್ಲಿ ಹೆಸರಿಡುವ ನಿಯಮವೊಂದನ್ನು ಉದಾಹರಿಸಿ, ವ್ಯಾಕರಣವನ್ನು ಅರಿಯದವನು ಮಗುವಿಗೆ ಸರಿಯಾದ ಹೆಸರಿಡಲಾರನೆಂದು ವಾದಿಸುತ್ತಾನೆ. ಸುಲಭವಾಗಿ ಉಚ್ಚರಿಸಲು ಬರುವುದೂ ಸ್ಪಷ್ಟವಾದ ಅರ್ಥವಿರುವುದೂ ಹೆಣ್ಣುಮಕ್ಕಳ ಹೆಸರಿನ ಲಕ್ಷಣವೆಂದು ಮನುಸ್ಮೃತಿ ಹೇಳುತ್ತದೆ. ಅದೇ ಸ್ಮೃತಿಯು ಹೆಸರುಗಳನ್ನು ವರ್ಣಕ್ಕೆ ತಕ್ಕಂತೆ ವಿಂಗಡಿಸಿ, ಶೂದ್ರನ ಹೆಸರು ಹೀನತೆಯನ್ನು ಸೂಚಿಸಬೇಕೆಂದೂ ವಿಧಿಸಿತು. ಹಳೆಯ ನಿಯಮಗಳಲ್ಲಿ ಕಿವಿಗೆ ಇಂಪಾದುದೂ ಇತ್ತು, ಮನುಷ್ಯನ ಮಾನಕ್ಕೆ ಕುಂದು ತರುವುದೂ ಇತ್ತು.

ಎರಡು ಹೆಸರುಗಳನ್ನು ಕೂಡಿಸುವುದು ನಮಗೆ ಹೊಸತಲ್ಲ. ಹರಿ ಮತ್ತು ಹರ ಸೇರಿ ಹರಿಹರ ಆಯಿತು. ಆ ಹೆಸರಿನ ಊರು ತುಂಗಭದ್ರೆಯ ದಡದಲ್ಲಿದೆ, ಆ ಹೆಸರಿನ ಕವಿ 'ಗಿರಿಜಾಕಲ್ಯಾಣ'ವನ್ನು ರಚಿಸಿದನು, ಆ ಹೆಸರಿನ ಅರಸನು ವಿಜಯನಗರವನ್ನು ಆಳಿದನು. ರಾಮಕೃಷ್ಣ, ಲಕ್ಷ್ಮೀನಾರಾಯಣ, ಶಂಕರನಾರಾಯಣ ಇವೂ ಇಂಥವೇ. ಇವೆಲ್ಲವೂ ಸಮಾಸಗಳು, ಇಲ್ಲಿ ಇಡಿಯ ಪದಗಳು ಕೈಹಿಡಿದು ನಿಲ್ಲುತ್ತವೆ. ಈಗಿನ ಬೆಸುಗೆಯಲ್ಲಿ ಪದಗಳು ತುಂಡಾಗುತ್ತವೆ. ಹಳೆಯದಕ್ಕೂ ಹೊಸದಕ್ಕೂ ಇರುವ ಮುಖ್ಯ ಅಂತರ ಇದು. ಹಾಗೆಂದು ಕನ್ನಡಿಗರ ನಾಲಗೆ ಹೆಸರನ್ನು ತುಂಡರಿಸಲೇ ಇಲ್ಲವೆಂದಲ್ಲ. ಶ್ರೀನಿವಾಸ ಸೀನನಾದನು, ಕೃಷ್ಣ ಕಿಟ್ಟಿಯಾದನು, ನಾರಾಯಣ ನಾಣಿಯಾದನು, ಸುಬ್ರಹ್ಮಣ್ಯ ಸುಬ್ಬನಾದನು. ಆದರೆ ಆ ಮೊಟಕು ಮನೆಯ ಅಕ್ಕರೆಗೆ ಮೀಸಲು; ಶಾಲೆಯ ದಾಖಲೆಗೆ ಅದು ಹೋಗುತ್ತಿದ್ದುದು ವಿರಳ.

ಇತರ ದೇಶಗಳಲ್ಲಿಯೂ ಬೆಸುಗೆಯ ಹೆಸರುಗಳುಂಟು. ಹನ್ನೊಂದನೆಯ ಶತಮಾನದ ಇಂಗ್ಲೆಂಡಿನಲ್ಲಿ ವೂಸ್ಟರಿನ ಧರ್ಮಾಧ್ಯಕ್ಷನಾಗಿದ್ದ ವುಲ್ಫ್‌ಸ್ಟನ್ ಎಂಬ ಸಂತನ ಹೆಸರು ತಾಯಿ ವುಲ್ಫ್‌ಗಿಫು, ತಂದೆ ಏಥೆಲ್‌ಸ್ಟನ್ ಇವರಿಬ್ಬರ ಹೆಸರಿನ ಭಾಗಗಳಿಂದ ಆದುದು. ಫಿಲಿಪ್ಪೀನ್ಸಿನಲ್ಲಿ ಲೂಜಾನ್, ವಿಸಾಯಸ್, ಮಿಂಡನಾವೊ ಎಂಬ ಮೂರು ದ್ವೀಪಭಾಗಗಳ ಹೆಸರನ್ನು ಕೂಡಿಸಿ ಹೆಣ್ಣುಮಕ್ಕಳಿಗೆ ಲೂಜ್‌ವಿಮಿಂಡಾ ಎಂದು ಕರೆದರು. ರಷ್ಯದ ಕ್ರಾಂತಿಯ ತರುವಾಯ ಅಲ್ಲಿ ಮಾರ್ಕ್ಸ್ ಮತ್ತು ಲೆನಿನ್ ಸೇರಿ ಮಾರ್ಲೆನ್ ಆಯಿತು. ಲೆನಿನ್ ಎಂಬುದನ್ನು ಹಿಂದುಮುಂದಾಗಿ ಓದಿ ನಿನೆಲ್ ಎಂದು ಹೆಸರಿಟ್ಟರು. ಜೊನಾಥನ್ ಸ್ವಿಫ್ಟ್ ತನ್ನ ಗೆಳತಿಯೊಬ್ಬಳ ಹೆಸರಿನ ಚೂರುಗಳಿಂದ ವನೆಸಾ ಎಂಬ ಹೆಸರನ್ನು ಕಟ್ಟಿದನು. ಅದನ್ನು ಬಳಸಿದ ಕವನ 1726ರಲ್ಲಿ ಪ್ರಕಟವಾಯಿತು. ಇಂದು ಅದನ್ನು ಕಲ್ಪಿತವೆಂದು ಯಾರೂ ಎಣಿಸುವುದಿಲ್ಲ. ಬಳಕೆಯ ಬಲದಿಂದ ನಿನ್ನೆಯ ಹೊಸತು ಇಂದಿನ ಸಂಪ್ರದಾಯವಾಗುತ್ತದೆ.

ಹೊಸ ಹೆಸರನ್ನು ಮೆಚ್ಚುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ತಂದೆಯ ಹೆಸರೊಂದೇ ಮಗುವಿನ ಹೆಸರಿನೊಡನೆ ನಿಲ್ಲುವ ಬದಲು ತಾಯಿಯ ಪಾಲೂ ಅದರಲ್ಲಿ ಸೇರುತ್ತದೆ. ಒಂದೇ ತರಗತಿಯಲ್ಲಿ ಒಂದೇ ಹೆಸರಿನವರು ನಾಲ್ವರಿದ್ದು ತೊಡಕಾಗುವುದು ತಪ್ಪುತ್ತದೆ. ಹೆಸರನ್ನು ಕೇಳಿದೊಡನೆ ಜಾತಿಯನ್ನು ಅಳೆಯುವವರಿಗೆ ಅಳತೆಗೋಲು ದೊರೆಯದಂತಾಗುತ್ತದೆ. ಈ ಕಡೆಯ ಮಾತು ಸಣ್ಣದಲ್ಲ.

ಹಳಿಯುವವರ ಆಕ್ಷೇಪವೂ ನಿರಾಧಾರವಲ್ಲ. ಸುರೇಶನ 'ಸು', ಇಂದುಮತಿಯ 'ಮತಿ' ಸೇರಿದರೆ ಸುಮತಿ ಎಂಬ ಸೊಗಸಾದ ಹೆಸರಾಗುತ್ತದೆ. ಒಳ್ಳೆಯ ಬುದ್ಧಿ ಎಂಬ ಅರ್ಥವೂ ಅದಕ್ಕಿದೆ. ಅದೇ ಕ್ರಮದಲ್ಲಿ ರೋಹಿಣಿಯ 'ರೋ', ಗಣೇಶನ 'ಗ' ಸೇರಿದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ. ಅಕ್ಷರಗಳನ್ನು ಕೂಡಿಸಿದ ಮಾತ್ರಕ್ಕೆ ಹೆಸರಾಗದು. ಕೆಲವರು ನಾದಕ್ಕೆ ಮರುಳಾಗಿ ಹೆಸರಿಟ್ಟು, ಬಳಿಕ ಅದಕ್ಕೆ ಸಂಸ್ಕೃತದ ಅರ್ಥವೊಂದನ್ನು ಅಂಟಿಸುತ್ತಾರೆ. ನಿಘಂಟನ್ನು ತೆರೆದರೆ ಆ ಪದವೇ ಸಿಗುವುದಿಲ್ಲ. ಅರ್ಥವಿಲ್ಲದ ಹೆಸರು ದೋಷವಲ್ಲ. ಇಲ್ಲದ ಅರ್ಥವನ್ನು ಉಂಟೆನ್ನುವುದು ದೋಷ. ಇನ್ನು ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದ ಹೆಸರನ್ನು ಮನೆಯ ಅಜ್ಜಿಯೇ ಕರೆಯಲಾರಳು.

ದಾಖಲೆಯ ಮಾತೂ ಇದೆ. ನಮ್ಮ ದೇಶದಲ್ಲಿ 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಡುವ ಮೊದಲೇ ಜನನವನ್ನು ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದುದರಿಂದ ಅವಸರಕ್ಕೆ ಕಾರಣವಿಲ್ಲ. ಒಮ್ಮೆ ಬರೆದ ಹೆಸರು ಶಾಲೆಯ ದಾಖಲಾತಿಯಿಂದ ಅಂಕಪಟ್ಟಿಯವರೆಗೆ, ಅಲ್ಲಿಂದ ಉದ್ಯೋಗದವರೆಗೆ ಬೆನ್ನಟ್ಟಿ ಬರುತ್ತದೆ. ಅಪರೂಪದ ಹೆಸರನ್ನು ಒಬ್ಬೊಬ್ಬ ಗುಮಾಸ್ತನು ಒಂದೊಂದು ಬಗೆಯಾಗಿ ಬರೆದರೆ ತೊಂದರೆಪಡುವವನು ಹೆಸರಿಟ್ಟವನಲ್ಲ, ಹೆಸರುಳ್ಳವನು.

ಹೆಸರನ್ನು ಕೊಡುವವರು ಒಬ್ಬರು, ಹೊರುವವರು ಇನ್ನೊಬ್ಬರು. ಈ ಮಾತನ್ನು ಎರಡು ನಿಜಸಂಗತಿಗಳು ಮನಗಾಣಿಸುತ್ತವೆ. 2008ರಲ್ಲಿ ನ್ಯೂಜಿಲೆಂಡಿನ ಒಂಬತ್ತು ವರ್ಷದ ಬಾಲಕಿಯೊಬ್ಬಳ ಕಥೆ ಬೆಳಕಿಗೆ ಬಂದಿತು. ತಂದೆತಾಯಿಗಳು ವಿನೋದಕ್ಕೆಂಬಂತೆ ಒಂದು ಇಡೀ ವಾಕ್ಯವನ್ನೇ ಅವಳಿಗೆ ಹೆಸರಾಗಿ ಇಟ್ಟಿದ್ದರು. ನಾಚಿಕೆಯಿಂದ ಅವಳು ಅದನ್ನು ಗೆಳತಿಯರಿಂದಲೂ ಮರೆಮಾಚಿದ್ದಳು. ಹೆಸರನ್ನು ಬದಲಾಯಿಸುವ ಸಲುವಾಗಿ ನ್ಯಾಯಾಲಯವು ಅವಳನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. ಅದು ಹೊಸ ಹೆಸರಿನ ಕಥೆ. ಹಳೆಯ ಹೆಸರಿನ ಕಥೆ ನಮ್ಮ ನೆರೆಯ ಮಹಾರಾಷ್ಟ್ರದ್ದು. ಗಂಡುಮಗುವನ್ನು ಬಯಸಿದ ಮನೆಗಳಲ್ಲಿ ಹೆಣ್ಣು ಹುಟ್ಟಿದಾಗ 'ಬೇಡದವಳು' ಎಂಬ ಅರ್ಥದ ನಕುಶಾ ಎಂಬ ಹೆಸರನ್ನು ಇಡುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 280ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಸಮಾರಂಭವೊಂದರಲ್ಲಿ ಹೊಸ ಹೆಸರುಗಳನ್ನು ಕೊಡಲಾಯಿತು. ಆ ದಿನ ಅವರು ಕಳೆದುಕೊಂಡುದು ಬರಿಯ ಮೂರು ಅಕ್ಷರಗಳನ್ನಲ್ಲ, ಹುಟ್ಟಿನಿಂದ ಹೊತ್ತ ಅವಮಾನವನ್ನು.

ಹೀಗಿರುವಾಗ ಹೆಸರು ಹಳೆಯದೋ ಹೊಸದೋ ಎಂಬುದು ಮುಖ್ಯ ಪ್ರಶ್ನೆಯಲ್ಲ. ಅಜ್ಜಿಯ ನಾಲಗೆಗೆ ಅದು ಒಗ್ಗುವುದೇ, ತರಗತಿಯಲ್ಲಿ ಹಾಜರಿ ಕರೆದಾಗ ಮಗು ತಲೆಯೆತ್ತಿ ಉತ್ತರ ಕೊಡುವುದೇ, ಬೆಳೆದು ದೊಡ್ಡವರಾದಾಗಲೂ ಅದನ್ನು ನಿಸ್ಸಂಕೋಚವಾಗಿ ಹೇಳಿಕೊಳ್ಳಬಹುದೇ ಎಂಬುದೇ ಕೇಳಬೇಕಾದ ಪ್ರಶ್ನೆ. ಈ ಪರೀಕ್ಷೆಯಲ್ಲಿ ಗೆದ್ದ ಹೆಸರು ವಂಶದಿಂದ ಬಂದುದಾದರೂ ಸರಿ, ನಿನ್ನೆ ಕಟ್ಟಿದುದಾದರೂ ಸರಿ, ಒಳ್ಳೆಯ ಹೆಸರೇ.