ಮಾರಲಿಕ್ಕಿಲ್ಲದ ಮನೆಯನ್ನು ಕೇಳುವ ಬಗೆ

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟರೆ ದಾರಿಯಲ್ಲಿ ಸಾರವಾಡ ಸಿಗುತ್ತದೆ. ಡೋಣಿ ಹೊಳೆಯ ಎರೆಸೀಮೆಯ ಊರು ಅದು. ಹೊಳೆಯ ನೀರು ಸವಳು, ಪಾತ್ರವೆಲ್ಲ ಹೂಳು. ದೊಡ್ಡ ಮಳೆಯಾದರೆ ನೀರು ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ. ಆದರೂ ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಈ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಇಂಥ ಊರುಗಳ ಹಳೆಯ ಓಣಿಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಯ, ಮಣ್ಣು ಹಾಸಿದ ಮಾಳಿಗೆಯ ಮನೆಗಳನ್ನು ನೀವು ನೋಡಿರುತ್ತೀರಿ. ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ದೇವರ ಜಗುಲಿ, ಕಾಳು ತುಂಬುವ ಹಗೇವು. ಇಂಥ ಮನೆಗಳಲ್ಲಿ ಕೆಲವಕ್ಕೆ ಈಗ ಬೀಗ ಬಿದ್ದಿದೆ. ಮಕ್ಕಳು ವಿಜಯಪುರದಲ್ಲಿಯೋ, ಸೋಲಾಪುರ, ಪುಣೆ, ಗೋವೆಗಳಲ್ಲಿಯೋ ದುಡಿಮೆ ಹಿಡಿದಿದ್ದಾರೆ.

ಪಟ್ಟಣದಲ್ಲಿ ನೆಲೆಸಿದ ನಿಮ್ಮಲ್ಲಿ ಹಲವರಿಗೆ ಇಂಥ ಒಂದು ಮನೆಯ ಮೇಲೆ ಆಸೆ ಇದ್ದೀತು. ಅದು ನಿಮ್ಮ ಹಿರಿಯರ ಮನೆಗೆ ಗೋಡೆ ಹಚ್ಚಿ ನಿಂತ ಮನೆ ಇರಬಹುದು. ಅದು ಸಿಕ್ಕರೆ ಇಕ್ಕಟ್ಟಾದ ನಿಮ್ಮ ಪಾಲಿನ ಜಾಗಕ್ಕೆ ಗಾಳಿ ಬೆಳಕು ಬಂದೀತು. ಇಲ್ಲವೆ ವಯಸ್ಸಾದ ಮೇಲೆ ಊರಿಗೆ ಮರಳಬೇಕೆಂಬ ಬಯಕೆ ಇರಬಹುದು. ಆದರೆ ಆ ಬಾಗಿಲ ಮೇಲೆ ಮಾರಾಟದ ಫಲಕವಿಲ್ಲ. ಯಾವ ದಲ್ಲಾಳಿಯ ಬಾಯಲ್ಲಿಯೂ ಅದರ ಮಾತಿಲ್ಲ. ಕೇಳಿದರೆ ಏನೆಂದುಕೊಂಡಾರೋ ಎಂದು ಸಂಕೋಚ. ಕೇಳದಿದ್ದರೆ ಬೇರೆಯವರ ಪಾಲಾದೀತೆಂದು ಆತುರ. ಹಾಗಾದರೆ ಮಾಡಬೇಕಾದದ್ದೇನು?

ಕೇಳುವದರಲ್ಲಿ ತಪ್ಪಿಲ್ಲ, ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಬೇಕು. ಬಾಗಿಲು ತೆರೆದು ಮಾತಾಡಿಸಿದವರೊಬ್ಬರೇ ಆ ಮನೆಯ ಒಡೆಯರಲ್ಲ ಎಂಬುದು ಮೊದಲನೆಯದು. ‘ಇಲ್ಲ’ ಎನ್ನಲು ಅವರಿಗೆ ಕಷ್ಟವಾಗದಂತೆ ಕೇಳಬೇಕು ಎಂಬುದು ಎರಡನೆಯದು. ಇಂಥ ವ್ಯವಹಾರಗಳು ಕೆಟ್ಟು ಕೋರ್ಟಿನ ಕಟ್ಟೆ ಹತ್ತುವದು ಹೆಚ್ಚಾಗಿ ಇವುಗಳನ್ನು ಮರೆತಾಗಲೇ.

ಮೊದಲನೆಯದನ್ನು ವಿಚಾರಿಸೋಣ. ಗ್ರಾಮ ಪಂಚಾಯತಿಯ ಉತಾರದಲ್ಲಿ ಮನೆ ಒಬ್ಬರ ಹೆಸರಿನಲ್ಲಿರುತ್ತದೆ. ಎಷ್ಟೋ ಸಲ ಅದು ಎಂದೋ ತೀರಿಹೋದ ಅಜ್ಜನ ಹೆಸರಾಗಿರುತ್ತದೆ, ಇಲ್ಲವೆ ಹಿರಿಯ ಅಣ್ಣನದಾಗಿರುತ್ತದೆ. ಆ ದಾಖಲೆ ಮುಖ್ಯವಾಗಿ ಕರ ಆಕರಣೆಯ ಸಲುವಾಗಿ ಹುಟ್ಟಿದ್ದು. ಅಲ್ಲಿ ಅಣ್ಣನ ಹೆಸರಿದ್ದ ಮಾತ್ರಕ್ಕೆ ತಮ್ಮಂದಿರ, ತಂಗಿಯರ, ತಾಯಿಯ ಹಕ್ಕು ಅಳಿಸಿಹೋಗುವದಿಲ್ಲ.

ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯವನ್ನು ಜನ ಬೇಗ ಮರೆಯುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಒಂದು ಕಲಮು ಇತ್ತು. ಕುಟುಂಬವೇ ಪೂರ್ತಿಯಾಗಿ ವಾಸಿಸುವ ಮನೆಯನ್ನು ಪಾಲು ಮಾಡಿರೆಂದು ಹೆಣ್ಣುಮಗಳು ಕೇಳುವಂತಿರಲಿಲ್ಲ. ಗಂಡು ವಾರಸುದಾರರು ತಾವಾಗಿ ಪಾಲಾಗುವವರೆಗೆ ಆಕೆ ಕಾಯಬೇಕಾಗಿತ್ತು. 1994ರಲ್ಲಿ ಕರ್ನಾಟಕವು ತನ್ನದೇ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಸಮಾನವಾದ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು; ವಾಸದ ಮನೆಯ ಹಳೆಯ ಕಲಮೂ ಆಗಲೇ ರದ್ದಾಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವದೆಂದೂ, 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದೂ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಮುಸಲ್ಮಾನ ಕುಟುಂಬಗಳಲ್ಲಿಯೂ ತೀರಿಹೋದವನ ಹೆಂಡತಿಗೂ ಹೆಣ್ಣುಮಕ್ಕಳಿಗೂ ಅವರ ಶಾಸ್ತ್ರದಂತೆ ಗೊತ್ತಾದ ಪಾಲು ಇದ್ದೇ ಇದೆ. ಆದಕಾರಣ ಸಾರವಾಡದ ಮನೆಯ ಮಾತನ್ನು ಸಾರವಾಡದಲ್ಲಿಯೇ ಮುಗಿಸಲಿಕ್ಕೆ ಬರುವದಿಲ್ಲ. ಸೋಲಾಪುರಕ್ಕೆ ಕೊಟ್ಟ ಮಗಳನ್ನೂ ಕೇಳಬೇಕು.

ಅಣ್ಣನೊಬ್ಬನೇ ಒಪ್ಪಿ ತನ್ನ ಪಾಲನ್ನು ಬರೆದುಕೊಟ್ಟರೆ ಏನಾಗುತ್ತದೆ? 1882ರ ಸ್ವತ್ತು ಹಸ್ತಾಂತರ ಕಾಯಿದೆಯ 44ನೆಯ ಕಲಮು ಅದಕ್ಕೆ ಉತ್ತರ ಹೇಳುತ್ತದೆ. ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲನ್ನು ಕೊಂಡ ಹೊರಗಿನವನಿಗೆ ಉಳಿದವರ ಜತೆಗೆ ಆ ಮನೆಯಲ್ಲಿ ಕೂಡಿ ಇರುವ ಹಕ್ಕು ಬರುವದಿಲ್ಲ. ಅವನು ಪಾಲಿನ ದಾವೆ ಹೂಡಿದರೆ, 1893ರ ವಿಭಜನೆ ಕಾಯಿದೆಯಂತೆ ಕುಟುಂಬದವರು ‘ಆ ಪಾಲನ್ನು ನಾವೇ ಕೊಳ್ಳುತ್ತೇವೆ’ ಎಂದು ಮುಂದೆ ಬರಬಹುದು. ಆಗ ಕೋರ್ಟು ಬೆಲೆ ಕಟ್ಟಿಸಿ ಅವರಿಗೇ ಕೊಡಿಸುತ್ತದೆ. ಇದಲ್ಲದೆ, ಒಟ್ಟಿಗೆ ವಾರಸಾ ಬಂದ ಮಕ್ಕಳಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಹೊರಟರೆ ಅದನ್ನು ಕೊಳ್ಳುವ ಮೊದಲ ಅವಕಾಶವನ್ನು 1956ರ ಕಾಯಿದೆ ಉಳಿದವರಿಗೆ ಕೊಟ್ಟಿದೆ. ಹೊರಗಿನವನು ಒಂದು ಮನೆತನದ ಪಡಸಾಲೆಗೆ ಅರ್ಧ ಬಾಗಿಲಿನಿಂದ ನುಗ್ಗಬಾರದೆಂಬುದೇ ಈ ಕಲಮುಗಳ ತಿರುಳು. ಒಬ್ಬರ ಸಹಿ ಹಿಡಿದು ಉಳಿದವರನ್ನು ಮಣಿಸುತ್ತೇನೆ ಎಂದು ಹೋದವರಿಗೆ ಮನೆಯ ಬದಲು ಖಟ್ಲೆ ಸಿಗುತ್ತದೆ.

ನೆರೆಯವರ ಸಂಗತಿಯನ್ನೂ ತಿಳಿದಿರಬೇಕು. ‘ಗೋಡೆಗೆ ಗೋಡೆ ಹಚ್ಚಿದವರು ನಾವು, ಮೊದಲು ನಮ್ಮನ್ನು ಕೇಳಬೇಕು’ ಎಂಬ ಮಾತು ಊರುಗಳಲ್ಲಿ ಬರುತ್ತದೆ. ಇದು ಹಳೆಯ ನಂಬಿಕೆ. ಮುಸಲ್ಮಾನ ಧರ್ಮಶಾಸ್ತ್ರದಲ್ಲಿ ‘ಶುಫಾ’ ಎಂಬ ಹೆಸರಿನಿಂದ ಪಾಲುದಾರನಿಗೂ ನೆರೆಯವನಿಗೂ ಇಂಥ ಮೊದಲ ಹಕ್ಕನ್ನು ಹೇಳಿದೆ. ಬರೀ ನೆರೆಯವನೆಂಬ ಕಾರಣದಿಂದ ಬರುವ ಇಂಥ ಹಕ್ಕನ್ನು ಸುಪ್ರೀಂ ಕೋರ್ಟು 1962ರಲ್ಲಿ ಸಂವಿಧಾನಕ್ಕೆ ಒಪ್ಪದ್ದೆಂದು ತಳ್ಳಿಹಾಕಿ, ಪಾಲುದಾರನ ಹಕ್ಕನ್ನು ಮಾತ್ರ ಎತ್ತಿಹಿಡಿಯಿತು. ಕೋರ್ಟಿನಲ್ಲಿ ನಿಲ್ಲದಿದ್ದರೂ ಊರಿನ ಮರ್ಯಾದೆಯಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ವ್ಯವಹಾರ ಕುದುರುವ ಹೊತ್ತಿಗೆ ನೆರೆಯವರಿಗೆ ಒಂದು ಮಾತು ಹೇಳಿದರೆ ಮುಂದೆ ಮೋರಿಯ ನೀರಿಗೂ ಗೋಡೆಯ ತಂಟೆಗೂ ಜಗಳ ಬರುವದು ಕಡಿಮೆ.

ಇನ್ನು ಕೇಳುವ ರೀತಿ. ಮೊದಲು ಹೊತ್ತನ್ನು ನೋಡಿಕೊಳ್ಳಬೇಕು. ಸಾವಿನ ಸೂತಕದಲ್ಲಿ, ಆಸ್ಪತ್ರೆಯ ಖರ್ಚು ಮೈಮೇಲೆ ಬಂದಾಗ, ಅಣ್ಣತಮ್ಮಂದಿರ ವಾದ ಬಿಸಿಯಾಗಿರುವಾಗ ಮನೆಯ ಮಾತು ತೆಗೆಯಬಾರದು. ಆಗ ಬಂದ ಒಪ್ಪಿಗೆ ಮನಸ್ಸಿನಿಂದ ಬಂದದ್ದಲ್ಲ. ಅದು ಬಹುದಿನ ನಿಲ್ಲುವದೂ ಇಲ್ಲ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಪಾಲುದಾರರೆಲ್ಲ ಒಂದೇ ಸೂರಿನಡಿ ಸಿಗುತ್ತಾರೆ ಎಂದು ಉಂಡಿ ತಿನ್ನುವ ಹಬ್ಬದ ದಿನವೇ ಹೋಗಿ ಕೂಡುವದೂ ಸಲ್ಲದು. ಹಬ್ಬಕ್ಕೆ ತಿಂಗಳೊಪ್ಪತ್ತು ಮೊದಲೇ ಮಾತು ಮುಟ್ಟಿಸಿರಿ. ಅವರು ಕೂಡಿದಾಗ ತಮ್ಮತಮ್ಮೊಳಗೇ ವಿಚಾರ ಮಾಡಿಕೊಳ್ಳುತ್ತಾರೆ.

ಯಾರನ್ನು ಕಳಿಸಬೇಕು ಎಂಬುದು ಮುಂದಿನ ಪ್ರಶ್ನೆ. ಊರಿನ ದೊಡ್ಡವರೊಬ್ಬರನ್ನು ಮುಂದೆ ಮಾಡಿಕೊಂಡು ಹೋಗುವದು ನಮ್ಮಲ್ಲಿ ರೂಢಿ. ಈ ಕೆಲಸಕ್ಕೆ ಅದು ತಕ್ಕದ್ದಲ್ಲ. ಸಾಲ ಕೊಟ್ಟವರು, ಅಧಿಕಾರದಲ್ಲಿದ್ದವರು, ಮಾತು ಮೀರಲಾಗದ ಹಿರಿಯರು ಬಂದು ಕೇಳಿದರೆ, ಮನೆಯವರಿಗೆ ‘ಇಲ್ಲ’ ಎನ್ನಲು ಬಾಯಿ ಬರುವದಿಲ್ಲ. ನೀವೇ ಹೋಗಿರಿ, ಬೇಕಾದರೆ ಎರಡೂ ಮನೆಗೆ ಬೇಕಾದ ಒಬ್ಬರನ್ನು ಕರೆದುಕೊಂಡು ಹೋಗಿರಿ. ಮನೆಯವರು ದೂರದಲ್ಲಿದ್ದರೆ ಕಾಗದ ಬರೆಯಿರಿ. ಕಾಗದವನ್ನು ಓದಿದವರು ಮುಖ ಮುರಿಯದೆ ಸುಮ್ಮನಿರಬಹುದು. ಅದೇ ಅದರ ಗುಣ.

ಮಾತು ಹೀಗಿದ್ದರೆ ಸಾಕು: “ಕಾಕಾರ, ಮನಿ ಮಾರಾಟಕ್ಕಿಲ್ಲ ಅನ್ನೂದು ನಮಗ ಗೊತ್ತೈತ್ರಿ. ಈಗ ಕೊಡ್ರಿ ಅಂತ ಕೇಳಾಕ ಬಂದಿಲ್ಲ. ಮುಂದ ಎಂದರ ಮನ್ಯಾಗ ಎಲ್ಲಾರೂ ಕೂಡಿ ಕೊಡೂ ವಿಚಾರ ಮಾಡಿದ್ರ ನಮಗೂ ಒಂದು ಮಾತು ತಿಳಸ್ರಿ.” ಇದರಲ್ಲಿ ಬೆಲೆಯ ಸುದ್ದಿ ಇಲ್ಲ, ಅವಸರವಿಲ್ಲ, ‘ಎಲ್ಲಾರೂ ಕೂಡಿ’ ಎಂಬ ಮಾತು ಇದೆ. ಹೇಳಿ, ಫೋನ್ ನಂಬರು ಕೊಟ್ಟು, ಚಹಾ ಕುಡಿದು ಎದ್ದು ಬನ್ನಿರಿ. ‘ನೋಡೂಣು ತಮ್ಮಾ’ ಎಂದರೆ ಅದನ್ನು ಒಪ್ಪಿಗೆಯೆಂದು ಎಣಿಸಬೇಡಿರಿ; ನಮ್ಮ ಕಡೆ ಅದು ಬಹುಸಲ ಮೆದುವಾಗಿ ಹೇಳಿದ ‘ಇಲ್ಲ’. ವರ್ಷ ಕಳೆದ ಮೇಲೆ ಇನ್ನೊಮ್ಮೆ ನೆನಪಿಸಬಹುದು. ಅದಕ್ಕಿಂತ ಹೆಚ್ಚಾದರೆ ಅದು ಕೇಳಿದಂತಲ್ಲ, ಕಾಡಿದಂತೆ.

ಮನೆಯವರೆಲ್ಲ ಒಪ್ಪಿದರೆನ್ನಿ. ಆಗಲೂ ಅಂದೇ ಸಂಚಕಾರ ಕೊಟ್ಟು ಬಾಯಿ ಕಟ್ಟುವ ಆತುರ ಬೇಡ. ಬರೀ ಕರಾರಿನಿಂದ ಮನೆ ನಿಮ್ಮದಾಗುವದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರ ಸ್ವತ್ತಿನ ಮಾರಾಟ ನೋಂದಣಿಯಾದ ಖರೀದಿ ಪತ್ರದಿಂದಲೇ ಆಗಬೇಕೆಂದು 1882ರ ಕಾಯಿದೆ ಹೇಳುತ್ತದೆ. ಸಂಚಕಾರವಾಗಲಿ ಪೂರ್ತಿ ಹಣವಾಗಲಿ 20,000 ರೂಪಾಯಿ ಮುಟ್ಟಿದರೆ ಅದನ್ನು ರೋಖಾಗಿ ಕೊಡಬೇಡಿರಿ. 2015ರ ಜೂನಿನಿಂದ ಆದಾಯ ತೆರಿಗೆಯ ಕಾನೂನು ಇದನ್ನು ನಿಷೇಧಿಸಿದೆ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಿಮ್ಮ ಮಾತಿಗೆ ಒಪ್ಪಿ ಮನೆ ಕೊಟ್ಟವರಿಗೆ ಆ ಕಷ್ಟ ಬರಬಾರದು.

ಹಣಕ್ಕೆ ಮೊದಲು ಕಾಗದ ನೋಡಬೇಕು. ಗ್ರಾಮ ಪಂಚಾಯತಿಯ ಮನೆಗಳಿಗೆ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು 11 ಸಿಗುತ್ತವೆ. ಸಾಲ ಒತ್ತೆಗಳು ನೋಂದಣಿಯಾಗಿವೆಯೇ ಎಂಬುದನ್ನು ಋಣಭಾರ ಪತ್ರ ತೋರಿಸುತ್ತದೆ. ಆದರೆ ಬಾಯಿಮಾತಿನ ವಾಟಣಿಯಾಗಲಿ, ಮನೆಯಲ್ಲಿ ಬರೆದಿಟ್ಟ ಚೀಟಿಯಾಗಲಿ ಅದರಲ್ಲಿ ಕಾಣುವದಿಲ್ಲ. ಅದಕ್ಕಾಗಿ ವಂಶಾವಳಿ ಬರೆಸಿ, ಅದರಲ್ಲಿಯ ಪ್ರತಿಯೊಂದು ಹೆಸರನ್ನೂ ವಿಚಾರಿಸಬೇಕು. ಚಕ್ಕುಬಂದಿಯನ್ನು ನಾಲ್ಕೂ ದಿಕ್ಕಿಗೆ ನಿಂತು ಅಳೆಯಬೇಕು. ಬೆಲೆಯ ವಿಷಯದಲ್ಲಿ, ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವನ್ನು ನೀವೇ ಅವರಿಗೂ ತಿಳಿಸಿರಿ. ಮಾರುವ ವಿಚಾರವೇ ಇಲ್ಲದವರು ಪೇಟೆಯ ಬೆಲೆ ಕೇಳಿರುವದಿಲ್ಲ. ಆ ಅಜ್ಞಾನದ ಲಾಭ ಪಡೆದು ಕೊಂಡ ಮನೆಯಲ್ಲಿ ನೆರೆಹೊರೆಯ ಕಣ್ಣು ತಪ್ಪಿಸಿ ಬದುಕಬೇಕಾಗುತ್ತದೆ.

ಈ ಮಾತು ಕೇಳುವವರಿಗಷ್ಟೇ ಅಲ್ಲ. ಊರಿನಲ್ಲಿ ನಿಮ್ಮದೇ ಮನೆಗೆ ಬೀಗವಿದ್ದು, ಯಾರೋ ನಿಮ್ಮನ್ನು ಹುಡುಕಿಕೊಂಡು ವಿಜಯಪುರಕ್ಕೇ ಬರಬಹುದು. ಆಗ ಕಾರಣ ಹೇಳಲೇಬೇಕೆಂಬ ಕಟ್ಟು ಇಲ್ಲ. ‘ವಿಚಾರವಿಲ್ಲ’ ಎಂದರೆ ಪೂರ್ತಿ ಉತ್ತರವೇ. ಒಪ್ಪುವ ಮನಸ್ಸಿದ್ದರೂ ಅಕ್ಕತಂಗಿಯರನ್ನು ಕೇಳುವವರೆಗೆ ಒಂದು ರೂಪಾಯಿಯನ್ನೂ ಮುಟ್ಟಬೇಡಿರಿ. ಮನೆಯಲ್ಲಿ ಮುದಿ ತಾಯಿ ಇದ್ದರೆ ಅವಳು ಇರುವವರೆಗೆ ಅಲ್ಲಿಯೇ ಇರತಕ್ಕದ್ದೆಂಬ ಕರಾರನ್ನು ಖರೀದಿ ಪತ್ರದಲ್ಲಿಯೇ ಬರೆಸಬಹುದು. ಮಾರಲು ಮನಸ್ಸಿಲ್ಲ, ಮನೆ ಬೀಳುವದೂ ಬೇಡ ಎನ್ನುವವರಿಗೆ ಬಾಡಿಗೆಯ ದಾರಿಯೂ ಇದೆ. ಅವಧಿ ಒಂದು ವರ್ಷ ಮೀರಿದರೆ ಆ ಪತ್ರವನ್ನು ನೋಂದಣಿ ಮಾಡಿಸಬೇಕು.

‘ಇಲ್ಲ’ ಎಂಬ ಒಂದು ಮಾತಿಗೆ ಇಷ್ಟು ಮಹತ್ವವೇಕೆ ಎನ್ನುವಿರಾ? ಅದರ ಬೆಲೆಯನ್ನು ನಮ್ಮ ಸೀಮೆ ಚೆನ್ನಾಗಿ ಬಲ್ಲದು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಕೊಲ್ಹಾರ ಹೋಯಿತು, ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳು ಹೋದವು, ಎಷ್ಟೋ ಹಳ್ಳಿಗಳು ಹೋದವು. ಆ ಮನೆಗಳೂ ಮಾರಲಿಕ್ಕಿರಲಿಲ್ಲ. ನೀರಾವರಿಯ ಹಿತಕ್ಕಾಗಿ ಸರಕಾರ ಕೇಳಿದಾಗ ‘ಇಲ್ಲ’ ಎನ್ನುವ ಅವಕಾಶ ಒಡೆಯರಿಗಿರಲಿಲ್ಲ. ಪರಿಹಾರ ಸಾಲದೆಂದು ಕೋರ್ಟಿಗೆ ಹೋಗುವದಷ್ಟೇ ಉಳಿದಿತ್ತು. ಕಾನೂನು ಕೂಡ ಆ ಬಲವಂತವನ್ನು ಲೆಕ್ಕಕ್ಕೆ ಹಿಡಿದಿದೆ. 1894ರ ಭೂಸ್ವಾಧೀನ ಕಾಯಿದೆ ಪೇಟೆಯ ಬೆಲೆಯ ಮೇಲೆ ಶೇಕಡಾ 15ನ್ನು, ಒಡೆಯನ ಇಚ್ಛೆಗೆ ವಿರುದ್ಧವಾಗಿ ತೆಗೆದುಕೊಳ್ಳುತ್ತೇವೆಂಬ ಕಾರಣಕ್ಕಾಗಿಯೇ, ಹೆಚ್ಚಿಗೆ ಕೊಡಿಸುತ್ತಿತ್ತು. 1984ರಲ್ಲಿ ಅದು ಶೇಕಡಾ 30 ಆಯಿತು. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿ ಶೇಕಡಾ 100 ಆಗಿದೆ. ಮನಸ್ಸಿಲ್ಲದ ಮನೆಯನ್ನು ಬಿಡುವದಕ್ಕೆ ಬೇರೆಯೇ ಒಂದು ಬೆಲೆ ಇದೆ ಎಂಬುದನ್ನು ಸರಕಾರವೇ ಒಪ್ಪಿ, ಮೂರು ಸಲ ಕಟ್ಟಿದಂತಾಯಿತು.

ಖಾಸಗಿಯವರಾದ ನಮ್ಮ ಕೈಯಲ್ಲಿ ಆ ಬಲವಂತವಿಲ್ಲ, ಇರಲೂ ಬಾರದು. ಎದುರಿನವರ ಮನಸ್ಸಿಗಾಗಿ ಕಾಯುವದೊಂದೇ ನಮಗಿರುವ ದಾರಿ. ಉತ್ತರ ಏನೇ ಬರಲಿ, ಮಾತುಕತೆ ಮೊದಲಿನಂತೆಯೇ ಇರಲಿ. ಬೀಗ ಹಾಕಿದ ಆ ಮನೆಯ ಮಾಳಿಗೆ ಮಳೆಗಾಲದಲ್ಲಿ ಸೋರತೊಡಗಿದರೆ, ‘ಮಾಳಿಗಿಗೆ ಮಣ್ಣ ಹಾಕಸಬೇಕಾಗೇದರಿ’ ಎಂದು ಪುಣೆಯಲ್ಲಿದ್ದವರಿಗೆ ಒಂದು ಫೋನು ಮಾಡಿರಿ. ಮನೆ ನಿಮಗೆ ಸಿಗದಿದ್ದರೂ ಬೀಳದೆ ನಿಂತೀತು.